ಕಪ್‌ಗೆ ಟೀ ಬೀಳುವುದೇ ಕಾಣದಿದ್ದರೆ? ಮಿದುಳು ಚಲನೆಯನ್ನು ನೋಡುವ ಬಗೆ

ಕಾಫಿಪುಡಿ

ವಿಡಿಯೋ ಎಡಿಟಿಂಗ್ ಮಾಡುವ ಗೆಳೆಯನ ಜೊತೆ ಒಂದು ವಾದ ನಡೀತಾ ಇದೆ. ಅವನ ಮಾತು ಇಷ್ಟು: ಕಣ್ಣು ಅಂದರೆ ಕ್ಯಾಮೆರಾ. ಒಂದರ ಹಿಂದೆ ಒಂದು ಫೋಟೋ ತೆಗೆದು ಮಿದುಳಿಗೆ ಕಳಿಸುತ್ತದೆ. ಈ ಫೋಟೋದಲ್ಲಿ ಬಸ್ ಇಲ್ಲಿತ್ತು, ಮುಂದಿನದರಲ್ಲಿ ಅಲ್ಲಿದೆ, ಆದ್ದರಿಂದ ಬಸ್ ಓಡುತ್ತಿದೆ ಅಂತ ಮಿದುಳು ಲೆಕ್ಕ ಹಾಕುತ್ತದೆ. ಕೇಳೋಕೆ ಸರಿಯಾಗೇ ಇದೆ.

ಆದರೆ ಇದಕ್ಕೆ ಹೊಂದದ ಒಂದು ಕೇಸ್ ಇದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಯೋಸೆಫ್ ಜಿಲ್ ಮತ್ತು ಅವರ ಜೊತೆಗಾರರು 1983ರಲ್ಲಿ ಪ್ರಕಟಿಸಿದ್ದು. ರೋಗಿಯ ಹೆಸರು ಹೇಳದೆ ಎಲ್.ಎಂ. ಅಂತ ಮಾತ್ರ ಬರೆದಿದ್ದಾರೆ. 43 ವರ್ಷದ ಹೆಂಗಸು. ಮಿದುಳಿನಿಂದ ರಕ್ತ ವಾಪಸ್ ಹೋಗುವ ದೊಡ್ಡ ನಾಳದಲ್ಲಿ ಹೆಪ್ಪುಗಟ್ಟಿ, ಮಿದುಳಿನ ಹಿಂಭಾಗಕ್ಕೆ ಎರಡೂ ಕಡೆ ಪೆಟ್ಟು ಬಿದ್ದಿತ್ತು. ಚೇತರಿಸಿಕೊಂಡ ಮೇಲೆ ಬಣ್ಣ ಗೊತ್ತಾಗುತ್ತಿತ್ತು, ವಸ್ತು ಗೊತ್ತಾಗುತ್ತಿತ್ತು, ಅಕ್ಷರವೂ ಗೊತ್ತಾಗುತ್ತಿತ್ತು. ಹೋಗಿದ್ದು ಚಲನೆ ಮಾತ್ರ.

ಟೀ ಸುರಿಯುವಾಗ ಧಾರೆ ಹೆಪ್ಪುಗಟ್ಟಿ ನಿಂತ ಹಾಗೆ ಕಾಣುತ್ತಿತ್ತಂತೆ. ಕಪ್‌ನಲ್ಲಿ ಟೀ ಏರುವುದು ಕಾಣದ ಕಾರಣ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುತ್ತಿರಲಿಲ್ಲ. ನಾಲ್ಕು ಜನ ಓಡಾಡುವ ಕೋಣೆಯಲ್ಲಿ ಇರಲು ಆಗುತ್ತಿರಲಿಲ್ಲ. ಜನ ಇಲ್ಲಿದ್ದವರು ಇದ್ದಕ್ಕಿದ್ದಂತೆ ಅಲ್ಲಿರುತ್ತಿದ್ದರು, ನಡೆದು ಹೋಗಿದ್ದು ಮಾತ್ರ ಕಾಣುತ್ತಿರಲಿಲ್ಲ. ರಸ್ತೆ ದಾಟುವುದು ಇನ್ನೂ ಕಷ್ಟ. ಕಾರು ಮೊದಲು ನೋಡಿದಾಗ ದೂರ, ದಾಟೋಣ ಅನ್ನುವಷ್ಟರಲ್ಲಿ ಪಕ್ಕದಲ್ಲಿ. ಕೊನೆಗೆ ಇಂಜಿನ್ ಸದ್ದು ಜಾಸ್ತಿಯಾಗುವುದನ್ನು ಕೇಳಿ ದೂರ ಅಂದಾಜು ಮಾಡಲು ಕಲಿತರು. ಸದ್ದು ಸರಿಯುವುದು ಅವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಚರ್ಮದ ಮೇಲೆ ಏನಾದರೂ ಹರಿದಾಡಿದರೂ ಗೊತ್ತಾಗುತ್ತಿತ್ತು. ಕಣ್ಣಿಗೆ ಕಾಣುವ ಚಲನೆಯೊಂದೇ ಹೋಗಿತ್ತು.

ನನ್ನ ಪ್ರಶ್ನೆ: ಚಲನೆ ಅಂದರೆ ಬರೀ ಫೋಟೋಗಳ ಜೋಡಣೆ ಆಗಿದ್ದರೆ, ಫೋಟೋ ಎಲ್ಲ ಉಳಿದು ಚಲನೆ ಮಾತ್ರ ಹೋಗುವುದು ಹೇಗೆ?

ಫ್ರೇಮ್_ಗಿರಿ

ಆ ಗೆಳೆಯ ನಾನೇ. ಇಲ್ಲಿಗೂ ಎಳೆದು ತಂದೆಯಲ್ಲ ಮಾರಾಯ.

ನನ್ನ ವಾದ ಸಿಂಪಲ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೊಂದೂ ನಿಂತ ಚಿತ್ರವೇ. ಪರದೆ ಮೇಲೆ ಯಾವುದೂ ಓಡುತ್ತಿಲ್ಲ. ಆದರೂ ನಮಗೆ ಓಡಿದ ಹಾಗೆ ಕಾಣುತ್ತದೆ. ಜೋಡಿಸುವ ಕೆಲಸ ಮಿದುಳು ಮಾಡದೆ ಇನ್ಯಾರು ಮಾಡುತ್ತಾರೆ? ಆ ಹೆಂಗಸಿಗೆ ಜೋಡಿಸುವ ಯಂತ್ರ ಕೆಟ್ಟಿತ್ತು ಅಂದುಕೊಂಡರೆ ಮುಗಿಯಿತು.

ನರಶಾಲೆ

ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾದರೆ ಕೆಳಗೆ ಹೋಗಿ.

ಗಿರಿ ಅವರೇ, "ಜೋಡಿಸುವ ಯಂತ್ರ" ಇದೆ ಅನ್ನುವುದು ಸರಿ. ಆದರೆ ಅದು ಪೂರ್ತಿ ಫೋಟೋ ಬರಲಿ ಅಂತ ಕಾಯುವುದಿಲ್ಲ. ಅಲ್ಲೇ ತಕರಾರು ಇರುವುದು.

1950ರ ದಶಕದ ಕೊನೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಅರಿವಳಿಕೆ ಕೊಟ್ಟ ಬೆಕ್ಕಿನ ವಿಷುಯಲ್ ಕಾರ್ಟೆಕ್ಸ್‌ನಲ್ಲಿ, ಅಂದರೆ ಮಿದುಳಿನಲ್ಲಿ ನೋಟದ ಕೆಲಸ ಮಾಡುವ ಹೊರಪದರದಲ್ಲಿ, ಒಂದೊಂದೇ ನರಕೋಶದ ಸದ್ದು ಕೇಳುತ್ತಿದ್ದರು. ಕೋಶ ಚುರುಕಾದರೆ ಸ್ಪೀಕರ್‌ನಲ್ಲಿ ಟಪ್ ಟಪ್ ಅಂತ ಕೇಳುವ ಹಾಗೆ ಜೋಡಿಸಿಕೊಂಡಿದ್ದರು. ಗಾಜಿನ ಸ್ಲೈಡ್ ಮೇಲೆ ಕಪ್ಪು ಚುಕ್ಕೆ ಅಂಟಿಸಿ ಪರದೆ ಮೇಲೆ ತೋರಿಸಿದರು. ಗಂಟೆಗಟ್ಟಲೆ ತೋರಿಸಿದರೂ ಕೋಶ ಸುಮ್ಮನೆ ಕೂತಿತ್ತು. ಸ್ಲೈಡ್ ಬದಲಿಸುವಾಗ ಒಮ್ಮೆ ಸ್ಪೀಕರ್ ಚಟಪಟ ಅಂತ ಸಿಡಿಯಿತು. ಚುಕ್ಕೆಗಲ್ಲ, ಸ್ಲೈಡ್ ಅಂಚಿನ ನೆರಳು ಪರದೆ ಮೇಲೆ ಸರಿದಿದ್ದಕ್ಕೆ. ಆ ಗೆರೆ ಒಂದು ಕೋನದಲ್ಲಿ ಇರಬೇಕಿತ್ತು, ಜೊತೆಗೆ ಸರಿಯಬೇಕಿತ್ತು. ಹೀಗೆ ಸಿಕ್ಕ ಕೋಶಗಳಲ್ಲಿ ಕೆಲವಕ್ಕೆ ದಿಕ್ಕೂ ಮುಖ್ಯ. ಎಡದಿಂದ ಬಲಕ್ಕೆ ಸರಿದರೆ ಕೂಗುತ್ತವೆ, ಬಲದಿಂದ ಎಡಕ್ಕೆ ಸರಿದರೆ ಕೇಳಿಯೇ ಇಲ್ಲ ಎಂಬಂತೆ ಇರುತ್ತವೆ. ಈ ಕೆಲಸಕ್ಕೆ 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒಂದು ಕೋಶ ದಿಕ್ಕನ್ನು ಹೇಗೆ ಹಿಡಿಯುತ್ತದೆ? ಇದಕ್ಕೆ ಚೆಂದದ ಉತ್ತರ ಸಿಕ್ಕಿದ್ದು ಒಂದು ಸಣ್ಣ ಜೀರುಂಡೆಯಿಂದ. ಹಾಸೆನ್‌ಸ್ಟೈನ್ ಮತ್ತು ರೈಕಾರ್ಟ್ ಎಂಬ ಜರ್ಮನರು 1956ರಲ್ಲಿ ಬರೆದರು. ಒಂದೇ ಬೀದಿಯಲ್ಲಿ ನಮ್ಮ ಮನೆ, ನಾಲ್ಕು ಮನೆ ಆಚೆ ನಿಮ್ಮ ಮನೆ ಅಂದುಕೊಳ್ಳಿ. ಮೆರವಣಿಗೆ ನಮ್ಮ ಬಾಗಿಲಿಗೆ ಬಂದಾಗ ನಾನು ಒಂದು ಹುಡುಗನನ್ನು ನಿಮ್ಮ ಮನೆಗೆ ಓಡಿಸುತ್ತೇನೆ. ಅವನು ತಲುಪುವ ಹೊತ್ತಿಗೇ ಮೆರವಣಿಗೆಯೂ ನಿಮ್ಮ ಬಾಗಿಲಿಗೆ ಬಂದರೆ, ಅದು ಈ ಕಡೆಯಿಂದ ಆ ಕಡೆಗೆ, ಇಂಥ ವೇಗದಲ್ಲಿ ಹೋಗುತ್ತಿದೆ ಅಂತ ನಿಮಗೆ ಗೊತ್ತಾಗುತ್ತದೆ. ಎದುರಿನಿಂದ ಬಂದರೆ ಎರಡೂ ಒಟ್ಟಿಗೆ ತಲುಪುವುದೇ ಇಲ್ಲ. ಕೋಶ ಮಾಡುವುದೂ ಅಷ್ಟೇ. ಪಕ್ಕಪಕ್ಕದ ಎರಡು ಜಾಗದ ಸುದ್ದಿ ತೆಗೆದುಕೊಳ್ಳುತ್ತದೆ, ಒಂದನ್ನು ಸ್ವಲ್ಪ ತಡಮಾಡುತ್ತದೆ, ಎರಡೂ ಒಟ್ಟಿಗೆ ಬಂದರೆ ಕೂಗುತ್ತದೆ. ಬಂದಿದ್ದು ಬಸ್ಸೋ ಬೆಕ್ಕೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಸಿನಿಮಾ ಕೆಲಸ ಮಾಡುವುದು ಇದರಿಂದಲೇ. 24 ಫ್ರೇಮ್‌ನ ಸಣ್ಣ ಸಣ್ಣ ನೆಗೆತ ಈ ಕೋಶಗಳನ್ನು ಮೋಸ ಮಾಡಲು ಸಾಕು. ಅಂದರೆ ಸಿನಿಮಾ ಮಿದುಳಿನ ಹಾಗೆ ಇಲ್ಲ. ಮಿದುಳು ಮೋಸ ಹೋಗುವ ಜಾಗವನ್ನು ಸಿನಿಮಾ ಹುಡುಕಿಕೊಂಡಿದೆ.

ಫ್ರೇಮ್_ಗಿರಿ

ಮೆರವಣಿಗೆ ಚೆನ್ನಾಗಿದೆ. ಆದರೆ "ಮೊದಲು ಇಲ್ಲಿ, ಆಮೇಲೆ ಅಲ್ಲಿ" ಅನ್ನುವ ಹೋಲಿಕೆ ಇದರಲ್ಲೂ ಇದೆಯಲ್ಲ? ನಾನು ಹೇಳಿದ್ದೂ ಅದನ್ನೇ.

ನರಶಾಲೆ

ಹೋಲಿಕೆ ಇದೆ, ಫೋಟೋ ಇಲ್ಲ. 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎರಡು ಗೆರೆಗಳನ್ನು ಒಂದರ ನಂತರ ಒಂದು ಮಿನುಗಿಸಿ ತೋರಿಸಿದರು. ನಡುವಿನ ಅಂತರ ಸುಮಾರು 60 ಮಿಲಿಸೆಕೆಂಡ್ ಇದ್ದಾಗ ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದ ಹಾಗೆ ಕಂಡಿತು. ಅಂತರ ಹೊಂದಿಸುತ್ತಾ ಹೋದಾಗ ಇನ್ನೊಂದು ಕಂಡಿತು: ಏನೋ ಸರಿಯಿತು ಅನ್ನುವುದು ಸ್ಪಷ್ಟ, ಆದರೆ ಸರಿದ ವಸ್ತುವೇ ಇಲ್ಲ. ಬರೀ ಚಲನೆ. ಮೊದಲು ವಸ್ತು ಗುರುತಿಸಿ, ಆಮೇಲೆ ಜಾಗ ಹೋಲಿಸಿ ಚಲನೆ ಕಂಡುಹಿಡಿಯುವುದಾದರೆ ಇಂಥದ್ದು ಕಾಣಲೇಬಾರದಿತ್ತು.

ಹಿತ್ತಲ_ಗಿಡ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಹಾಲ್‌ನ ಫ್ಯಾನ್ ರಾತ್ರಿ ಲೈಟ್ ಹಾಕಿದಾಗ ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ, ರೆಕ್ಕೆಗಳೂ ಜಾಸ್ತಿ ಇದ್ದ ಹಾಗೆ. ಹಗಲಲ್ಲಿ ಇಲ್ಲ. ಇದೂ ಮಿದುಳಿನ ಆಟವಾ?

ಫ್ರೇಮ್_ಗಿರಿ

ಇದು ನನ್ನ ಏರಿಯಾ. ಅರ್ಧ ಲೈಟಿನ ಆಟ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಚೋಕ್ ಇರುವ ಟ್ಯೂಬ್‌ಲೈಟ್, ಕೆಲವು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫ್ಯಾನ್ ನಿಮಿಷಕ್ಕೆ 333 ಸುತ್ತು ಹೊಡೆಯುತ್ತಿದ್ದರೆ ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ರೆಕ್ಕೆ 20 ಡಿಗ್ರಿ ಸರಿಯುತ್ತದೆ. ಮೂರು ರೆಕ್ಕೆಗೆ 18 ಭೂತರೆಕ್ಕೆ ನಿಂತ ಹಾಗೆ ಕಾಣುತ್ತವೆ. ವೇಗ ಅದಕ್ಕಿಂತ ಚೂರು ಕಮ್ಮಿ ಆದರೆ ಆ ಹದಿನೆಂಟೂ ಹಿಂದಕ್ಕೆ ಜಾರುತ್ತವೆ. ಬಿಸಿಲಲ್ಲಿ ಮಿನುಗು ಇಲ್ಲ, ಹಾಗಾಗಿ ಕಾಣುವುದಿಲ್ಲ.

ನರಶಾಲೆ

ಸರಿಯಾಗಿ ಹೇಳಿದಿರಿ. ಉಳಿದ ಅರ್ಧ ಮಿದುಳಿನದು: ಹತ್ತಿರದ ರೆಕ್ಕೆಯೇ ಸರಿದು ಬಂದಿದ್ದು ಅಂತ ಅದು ಹಿಡಿದುಬಿಡುತ್ತದೆ.

ಈಗ ಮೂಲ ಪ್ರಶ್ನೆಗೆ. ಎಲ್.ಎಂ. ಅವರಿಗೆ ಪೆಟ್ಟು ಬಿದ್ದ ಜಾಗದಲ್ಲಿ ಒಂದು ಭಾಗವಿದೆ, ವಿ5 ಅಥವಾ ಎಂಟಿ ಅಂತ ಕರೆಯುತ್ತಾರೆ. ನಮ್ಮಲ್ಲಿ ಅಂದಾಜು ಕಿವಿಯ ಹಿಂದೆ, ಸ್ವಲ್ಪ ಮೇಲೆ, ಎರಡೂ ಕಡೆ. 1970ರ ದಶಕದ ಶುರುವಿನಲ್ಲಿ ಲಂಡನ್‌ನ ಸೆಮಿರ್ ಜೆಕಿ ಕೋತಿಗಳಲ್ಲಿ ಈ ಭಾಗ ನೋಡಿದಾಗ ಅಲ್ಲಿನ ಕೋಶಗಳಲ್ಲಿ ಬಹುಪಾಲು ದಿಕ್ಕಿಗೆ ಕೂಗುವಂಥವೇ ಸಿಕ್ಕವು. ಬಣ್ಣಕ್ಕೆ ಹೆಚ್ಚು ಬೆಲೆ ಕೊಡುವ ಇನ್ನೊಂದು ಭಾಗ, ವಿ4, ಬೇರೆ ಕಡೆ ಇತ್ತು. ಅಂದರೆ ನೋಡುವ ಕೆಲಸ ಹಂಚಿಹೋಗಿದೆ. ಆಮೇಲೆ 1991ರಲ್ಲಿ ಮನುಷ್ಯರ ಮಿದುಳನ್ನು ಪೆಟ್ ಸ್ಕ್ಯಾನ್ ಮಾಡಿ, ಬಣ್ಣದ ಚೌಕ ನೋಡುವಾಗ ಒಂದು ಜಾಗ, ಓಡುವ ಕಪ್ಪು-ಬಿಳಿ ಚೌಕ ನೋಡುವಾಗ ಇನ್ನೊಂದು ಜಾಗ ಚುರುಕಾಗುವುದನ್ನು ತೋರಿಸಿದರು.

ನನಗೆ ಇವೆಲ್ಲಕ್ಕಿಂತ ಇಷ್ಟ ವಿಲಿಯಂ ನ್ಯೂಸಮ್ ಗುಂಪಿನ ಪ್ರಯೋಗ. ಪರದೆ ತುಂಬ ಚುಕ್ಕೆಗಳು, ದಿಕ್ಕಿಲ್ಲದೆ ಮಿಣಮಿಣ ಅನ್ನುತ್ತವೆ. ಅವುಗಳಲ್ಲಿ ಕೆಲವನ್ನು ಮಾತ್ರ ಒಂದೇ ದಿಕ್ಕಿಗೆ ಓಡಿಸುತ್ತಾರೆ. ಯಾವ ಕಡೆ ಅಂತ ಕೋತಿ ಕಣ್ಣು ಹೊರಳಿಸಿ ಹೇಳಬೇಕು, ಸರಿಯಾದರೆ ಜ್ಯೂಸ್. ಒಂದೇ ದಿಕ್ಕಿಗೆ ಓಡುವ ಚುಕ್ಕೆ ಕಮ್ಮಿಯಾದಷ್ಟೂ ಕಷ್ಟ. 1989ರಲ್ಲಿ ಅವರಿಗೆ ಕಂಡಿದ್ದು: ಎಂಟಿಯ ಒಂದೇ ಒಂದು ಕೋಶದ ಕೂಗನ್ನು ಎಣಿಸಿದರೂ ಸಾಕು, ಪೂರ್ತಿ ಕೋತಿಯಷ್ಟೇ ಚೆನ್ನಾಗಿ ಉತ್ತರ ಹೇಳಬಹುದು. ಮರುವರ್ಷ ಇನ್ನೂ ಮುಂದೆ ಹೋದರು. "ಮೇಲಕ್ಕೆ" ಅನ್ನುವ ಕೋಶಗಳ ಗುಂಪಿಗೆ ತೀರಾ ಸಣ್ಣ ಕರೆಂಟ್ ಕೊಟ್ಟರು. ಪರದೆ ಮೇಲೆ ಏನನ್ನೂ ಬದಲಿಸದಿದ್ದರೂ ಕೋತಿ "ಮೇಲಕ್ಕೆ" ಅಂತ ಹೇಳುವುದು ಜಾಸ್ತಿಯಾಯಿತು. ಎಲ್.ಎಂ. ಕೇಸ್‌ನಲ್ಲಿ ಭಾಗ ಹೋದಾಗ ಚಲನೆ ಹೋಯಿತು. ಇಲ್ಲಿ ಭಾಗವನ್ನು ಕೆಣಕಿದಾಗ ಚಲನೆ ಬಂತು.

ಕೊಡೆ_ಮರೆತವ

ಪಾಪದ ಕೋತಿ. ಜ್ಯೂಸ್‌ಗೋಸ್ಕರ ಏನೆಲ್ಲ.

ಶರಾವತಿ_ದಡ

ಮಳೆಗಾಲದಲ್ಲಿ ಜೋಗಕ್ಕೆ ಹೋದವರು ಯಾರಾದರೂ ಇದನ್ನು ಗಮನಿಸಿದ್ದೀರಾ? ಒಂದು ಧಾರೆಯನ್ನೇ ಎವೆಯಿಕ್ಕದೆ ಅರ್ಧ ನಿಮಿಷ, ಒಂದು ನಿಮಿಷ ನೋಡಬೇಕು. ಕಣ್ಣು ನೀರಿನ ಜೊತೆ ಕೆಳಗೆ ಹೋಗಬಾರದು, ಒಂದೇ ಕಡೆ ನೆಟ್ಟಿರಬೇಕು. ಆಮೇಲೆ ಪಕ್ಕದ ಬಂಡೆ ನೋಡಿದರೆ ಬಂಡೆಯೇ ಮೆಲ್ಲಗೆ ಮೇಲಕ್ಕೆ ಏರುತ್ತದೆ. ವಿಚಿತ್ರ ಏನೆಂದರೆ ಏರುತ್ತಲೇ ಇರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ.

ಮಂಜು ಕವಿದರೆ ಇದೂ ಇಲ್ಲ, ಜೋಗವೂ ಇಲ್ಲ. ಕಾಯಬೇಕು.

ನರಶಾಲೆ

ವಾಹ್. ರಾಬರ್ಟ್ ಆಡಮ್ಸ್ ಎನ್ನುವವರು ಸ್ಕಾಟ್ಲೆಂಡ್‌ನ ಫಾಯರ್ಸ್ ಜಲಪಾತದ ಮುಂದೆ ನಿಂತು ನೋಡಿ 1834ರಲ್ಲಿ ಬರೆದಿದ್ದು ಇದನ್ನೇ. ಹರಿಯುವ ನೀರು ನೋಡಿದ ಮೇಲೆ ನಿಂತ ವಸ್ತುವೂ ಸರಿದಂತೆ ಕಾಣುತ್ತದೆ ಅಂತ ಅರಿಸ್ಟಾಟಲ್ ಕೂಡ ಹೇಳಿದ್ದಾನೆ.

ಮೇಲಕ್ಕೆ, ಕೆಳಕ್ಕೆ ಕೂಗುವ ಕೋಶಗಳು ಎರಡೂ ಯಾವಾಗಲೂ ಸ್ವಲ್ಪ ಗುನುಗುತ್ತಲೇ ಇರುತ್ತವೆ. ಎರಡೂ ಸಮ ಇದ್ದರೆ ಬಂಡೆ ನಿಂತಿದೆ ಅಂತ ಲೆಕ್ಕ. ಒಂದು ನಿಮಿಷ ನೀರು ನೋಡಿದ ಮೇಲೆ "ಕೆಳಕ್ಕೆ" ಕೋಶಗಳು ಸುಸ್ತಾಗಿ ದನಿ ಇಳಿಸುತ್ತವೆ. ತಕ್ಕಡಿ ಮೇಲಿನ ಕಡೆಗೆ ವಾಲುತ್ತದೆ.

ಕಾಫಿಪುಡಿ ಅವರ ಪ್ರಶ್ನೆಗೆ ಇದೇ ಒಳ್ಳೆಯ ಸಾಕ್ಷಿ. "ಏರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ" ಅಂದರಲ್ಲ, ಗಮನಿಸಿ. ಜಾಗ ನೋಡಿಕೊಳ್ಳುವವರು "ಇಲ್ಲೇ ಇದೆ" ಅನ್ನುತ್ತಾರೆ, ಚಲನೆ ನೋಡಿಕೊಳ್ಳುವವರು "ಏರುತ್ತಿದೆ" ಅನ್ನುತ್ತಾರೆ. ಇಬ್ಬರದೂ ಬೇರೆ ಬೇರೆ ವರದಿ. ಫೋಟೋ ಹೋಲಿಸಿ ಚಲನೆ ತೆಗೆಯುವುದಾದರೆ ಜಾಗ ಬದಲಾಗದ ಚಲನೆ ಬರೋದು ಎಲ್ಲಿಂದ?

ಫ್ರೇಮ್_ಗಿರಿ

ಹ್ಮ್. ಇದಕ್ಕೆ ಯೋಚನೆ ಮಾಡಿ ಉತ್ತರ ಕೊಡುತ್ತೇನೆ.

ಕನ್ನಡಕದ_ಅಕ್ಕ

ನಾನು ಆಪ್ಟೊಮೆಟ್ರಿಸ್ಟ್. ಎಲ್.ಎಂ. ಕೇಸ್‌ನ ತಲೆಕೆಳಗು ಕೂಡ ಇದೆ, ಅದನ್ನು ಯಾರೂ ಹೇಳಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಗುಂಡು ತಗುಲಿ ತಲೆಯ ಹಿಂಭಾಗಕ್ಕೆ ಗಾಯವಾಗಿ ಕುರುಡಾದ ಸೈನಿಕರನ್ನು ಜಾರ್ಜ್ ರಿಡಕ್ ಎಂಬ ಬ್ರಿಟಿಷ್ ಡಾಕ್ಟರ್ ಪರೀಕ್ಷೆ ಮಾಡಿದರು. 1917ರಲ್ಲಿ ಬರೆದರು. ಕುರುಡಾದ ಕಡೆ ನಿಂತ ವಸ್ತು ಇಟ್ಟರೆ ಏನೂ ಕಾಣುವುದಿಲ್ಲ. ಅದನ್ನೇ ಅಲ್ಲಾಡಿಸಿದರೆ ಕೆಲವರು "ಏನೋ ಸರಿಯಿತು" ಅನ್ನುತ್ತಿದ್ದರು. ಆಕಾರ ಗೊತ್ತಿಲ್ಲ, ಬಣ್ಣ ಗೊತ್ತಿಲ್ಲ. ವಿ1, ಅಂದರೆ ಕಣ್ಣಿನ ಸುದ್ದಿ ಮಿದುಳಿನ ಹೊರಪದರದಲ್ಲಿ ಮೊದಲು ಮುಟ್ಟುವ ಭಾಗ, ಹಾಳಾದರೂ ಕಣ್ಣಿನಿಂದ ವಿ5ಗೆ ಹೋಗುವ ಸಣ್ಣ ಒಳದಾರಿಗಳು ಉಳಿದಿರುತ್ತವೆ, ಅದರಿಂದ ಹೀಗೆ ಅಂತ ಈಗಿನ ಅಭಿಪ್ರಾಯ. ಈಚೆಗೆ ಕೆನಡಾದ ಸಂಶೋಧಕರು ಪರೀಕ್ಷಿಸಿದ ಸ್ಕಾಟ್ಲೆಂಡ್‌ನ ಹೆಂಗಸೊಬ್ಬರು ಹೀಗೇ. ಕಿಟಕಿ ಗಾಜಿನ ಮೇಲೆ ಇಳಿಯುವ ಮಳೆನೀರು ಕಾಣುತ್ತದೆ, ಗಾಜಿನ ಆಚೆ ಇರುವುದು ಕಾಣುವುದಿಲ್ಲ. ಮಗಳು ನಡೆದು ಹೋಗುವಾಗ ಜುಟ್ಟು ಆಡುವುದು ಕಾಣುತ್ತದೆ, ಮಗಳು ಕಾಣುವುದಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ. ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಕೇಳಿರಬಹುದು. ಹುಟ್ಟಿನಿಂದ ಸರಿಯಾಗಿ ಕಾಣದೆ ಇದ್ದು, ವರ್ಷಗಳ ಮೇಲೆ ಚಿಕಿತ್ಸೆಯಿಂದ ದೃಷ್ಟಿ ಪಡೆದ ಭಾರತೀಯರ ಜೊತೆ ದೆಹಲಿಯಲ್ಲಿ ಮಾಡಿದ ಕೆಲಸ. ಒಂದರ ಮೇಲೊಂದು ಬಿದ್ದ ಚೌಕ ಮತ್ತು ವೃತ್ತದ ಚಿತ್ರ ತೋರಿಸಿದರೆ ಅವರಿಗೆ ಎರಡು ವಸ್ತು ಕಾಣುತ್ತಿರಲಿಲ್ಲ, ಗೆರೆಗಳು ಕೂಡಿದಲ್ಲೆಲ್ಲ ಬೇರೆ ಬೇರೆ ಚೂರು ಕಾಣುತ್ತಿತ್ತು. ಹಸುವಿನ ಫೋಟೋ ಕೊಟ್ಟರೆ ನೆರಳು, ಮಚ್ಚೆ ಎಲ್ಲ ಬಿಡಿ ಬಿಡಿ ತುಂಡು. ಆದರೆ ಚಿತ್ರವನ್ನು ಅಲುಗಿಸಿದ ಕೂಡಲೇ ಒಟ್ಟಿಗೆ ಸರಿಯುವ ಚೂರುಗಳೆಲ್ಲ ಕೂಡಿ ಒಂದು ವಸ್ತುವಾಗುತ್ತಿತ್ತು. 2009ರಲ್ಲಿ ಪ್ರಕಟವಾಗಿದೆ. ಗಿರಿ ಅವರು ಫೋಟೋದಿಂದ ಚಲನೆ ಹುಟ್ಟುತ್ತದೆ ಅಂತಾರೆ. ಇಲ್ಲಿ ಚಲನೆಯಿಂದ ಫೋಟೋ ಹುಟ್ಟಿತು ನೋಡಿ.

ಘಾಟಿ_ರೋಡು

ಸಾರ್, ಮೇಡಂ, ನಾನು ಟ್ಯಾಕ್ಸಿ ಓಡಿಸುವವನು. ಚಾರ್ಮಾಡಿ, ಆಗುಂಬೆ ಎಲ್ಲ ದಿನದ ದಾರಿ. ಮಂಜು ಬಿದ್ದಾಗ ಗಾಡಿ ನಿಧಾನ ಹೋಗುತ್ತಿದೆ ಅನ್ನಿಸುತ್ತದೆ. ಮೀಟರ್ ನೋಡಿದರೆ ಅನ್ನಿಸಿದ್ದಕ್ಕಿಂತ ಜಾಸ್ತಿ ಇರುತ್ತದೆ. ಹೊಸ ಹುಡುಗರಿಗೆ ನಾನು ಯಾವಾಗಲೂ ಹೇಳುವುದು, ಮಂಜಿನಲ್ಲಿ ಕಣ್ಣನ್ನು ನಂಬಬೇಡ, ಮುಳ್ಳನ್ನು ನಂಬು ಅಂತ. ಇದಕ್ಕೂ ಈ ವಿ5ಗೂ ಸಂಬಂಧ ಇದೆಯಾ?

ನರಶಾಲೆ

ಅಣ್ಣ, ಒಳ್ಳೆಯ ಪ್ರಶ್ನೆ. ಇದರ ಮೇಲೆ ಜಗಳವೇ ಇದೆ. ಚಿತ್ರದಲ್ಲಿ ಕಪ್ಪು-ಬಿಳಿಯ ವ್ಯತ್ಯಾಸ ಮಸುಕಾದರೆ ಅದೇ ವೇಗವೂ ಕಮ್ಮಿ ಅನ್ನಿಸುತ್ತದೆ, ಇದು 1980ರ ದಶಕದಿಂದ ಗೊತ್ತು. 1998ರಲ್ಲಿ ಬ್ರಿಟನ್ನಿನ ಸ್ನೋಡನ್ ಮತ್ತು ಜೊತೆಗಾರರು ಸಿಮ್ಯುಲೇಟರ್‌ನಲ್ಲಿ ಮಂಜು ಹಾಕಿ ನೋಡಿದರು. ಇಂಥ ವೇಗದಲ್ಲಿ ಓಡಿಸಿ ಅಂದರೆ ಮಂಜು ಹೆಚ್ಚಿದಷ್ಟೂ ಜನ ಗೊತ್ತಿಲ್ಲದೆ ಜೋರಾಗಿ ಓಡಿಸಿದರು. ನಿಮ್ಮ ಅನುಭವಕ್ಕೆ ಸರಿಹೊಂದುತ್ತದೆ.

ಕಾರಣ ಹೀಗಿರಬಹುದು ಅಂತಾರೆ: ಸುದ್ದಿ ಮಸುಕಾಗಿ ಬಂದಾಗ ಮಿದುಳು ತನ್ನ ಹಳೇ ನಂಬಿಕೆಗೆ ವಾಲುತ್ತದೆ. ಜಗತ್ತಿನಲ್ಲಿ ಹೆಚ್ಚಿನವು ನಿಂತಿರುತ್ತವೆ, ಇಲ್ಲವೇ ನಿಧಾನ ಸರಿಯುತ್ತವೆ ಅನ್ನುವ ನಂಬಿಕೆ.

ಆದರೆ 2012ರಲ್ಲಿ ಜರ್ಮನಿಯ ಇನ್ನೊಂದು ಗುಂಪು ಆಕ್ಷೇಪ ಎತ್ತಿತು. ನಿಜವಾದ ಮಂಜು ಎಲ್ಲವನ್ನೂ ಸಮನಾಗಿ ಮಸುಕು ಮಾಡುವುದಿಲ್ಲ, ಹತ್ತಿರದ್ದು ಕಾಣುತ್ತದೆ, ದೂರದ್ದು ಮುಚ್ಚಿಹೋಗುತ್ತದೆ. ಅವರು ಹಾಗೆ ಮಂಜು ಹಾಕಿದಾಗ ಉಲ್ಟಾ ಆಯಿತು. ಜನರಿಗೆ ವೇಗ ಜಾಸ್ತಿ ಅನ್ನಿಸಿ ನಿಧಾನ ಮಾಡಿದರು. ಹತ್ತಿರದ ರಸ್ತೆ ಕಣ್ಣಲ್ಲಿ ಬೇಗ ಬೇಗ ಹಿಂದೆ ಸರಿಯುತ್ತದೆ, ಕಾಣುವುದು ಅದೊಂದೇ ಆದ್ದರಿಂದ.

ಘಾಟಿ_ರೋಡು

ಎರಡೂ ಇರಬಹುದು ಸಾರ್. ಕೆಳಗೆ ಬಿಳಿ ಗೆರೆ, ತಿರುವಿನ ಕಲ್ಲು ಹತ್ತಿರದಿಂದ ಕಾಣುವ ಕಡೆ ಸ್ಪೀಡ್ ಗೊತ್ತಾಗುತ್ತದೆ. ಗೆರೆ ಅಳಿಸಿಹೋಗಿ, ಗಾಜಿನ ಮೇಲೂ ಹಬೆ ಕೂತು ಎಲ್ಲ ಒಂದೇ ಬಿಳಿ ಆದಾಗ ಗೊತ್ತಾಗುವುದಿಲ್ಲ. ನಾನು ಹೇಳಿದ್ದು ಆ ಜಾಗದ ಮಾತು. ಒಟ್ಟಿನಲ್ಲಿ ಮುಳ್ಳು ನೋಡಿ ಅನ್ನುವುದನ್ನು ಬಿಡುವುದಿಲ್ಲ.

ಕಾಫಿಪುಡಿ

ಘಾಟಿ ಅಣ್ಣನ ಮಾತು ಎರಡೂ ಪ್ರಯೋಗಕ್ಕೆ ರಾಜಿ ಮಾಡಿಸಿತು ಅನ್ನಿಸುತ್ತದೆ.

ಮೂರನೇ_ಕ್ಲಾಸ್_ಟೀಚರ್

ರಸ್ತೆ ವಿಷಯ ಬಂದಿದ್ದಕ್ಕೆ ಕೇಳುತ್ತಿದ್ದೇನೆ. ಮಕ್ಕಳಿಗೆ "ಎರಡೂ ಕಡೆ ನೋಡಿ ದಾಟಿ" ಅಂತ ಹೇಳಿಕೊಡುತ್ತೇವೆ. ನೋಡುತ್ತಾರೆ, ಆದರೂ ಗಾಡಿ ಬರುವಾಗಲೇ ನುಗ್ಗುತ್ತಾರೆ. ತುಂಟತನವೋ, ಕಾಣುವುದಿಲ್ಲವೋ?

ನರಶಾಲೆ

ಮೇಡಂ, ಎಷ್ಟೋ ಸಲ ನಿಜವಾಗಿಯೂ ಕಾಣುವುದಿಲ್ಲ. ನೇರ ನಮ್ಮ ಕಡೆ ಬರುವ ಗಾಡಿ ಪಕ್ಕಕ್ಕೆ ಸರಿಯುವುದಿಲ್ಲ, ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತದೆ ಅಷ್ಟೇ. ದೂರ ಇದ್ದಾಗ ಆ ಹಿಗ್ಗುವಿಕೆ ತೀರಾ ಕಮ್ಮಿ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇನಲ್ಲಿ 2011ರಲ್ಲಿ ನೋಡಿದರು. ಪ್ರೈಮರಿ ಶಾಲೆಯ ಮಕ್ಕಳಿಗೆ ಗಂಟೆಗೆ ಸುಮಾರು 32 ಕಿಲೋಮೀಟರ್‌ಗಿಂತ ಜೋರಾಗಿ ಬರುವ ಗಾಡಿ ಹತ್ತಿರ ಬರುತ್ತಿದೆ ಅನ್ನುವುದನ್ನು ನೆಚ್ಚುವಷ್ಟು ಹಿಡಿಯಲು ಆಗಲಿಲ್ಲ. ಜೋರಾಗಿ ಬರುವ ಗಾಡಿಯೇ ನಿಂತ ಹಾಗೆ ಕಾಣುತ್ತದೆ, ಏಕೆಂದರೆ ದಾಟುವ ಹೊತ್ತಿಗೆ ಅದು ಇನ್ನೂ ದೂರ ಇರುತ್ತದೆ. ಬೈದು ಪ್ರಯೋಜನ ಇಲ್ಲ. ಶಾಲೆ ಮುಂದೆ ಹಂಪ್ ಹಾಕಿಸುವುದೇ ಸರಿ.

ನೆಟ್_ಬೌಲರ್

ಹಾಗಾದರೆ ಕ್ರಿಕೆಟ್? 140 ಕಿಮೀ ವೇಗದ ಬಾಲ್ ಕೈಬಿಟ್ಟು ಬ್ಯಾಟಿಗೆ ಬರಲು ಸುಮಾರು ಅರ್ಧ ಸೆಕೆಂಡ್. ಬಾಲ್ ಮೇಲೆ ಕಣ್ಣಿಡು ಅಂತ ಕೋಚ್ ಕೂಗುತ್ತಾರೆ. ಇಡೋಕೆ ಆಗುತ್ತಾ?

ನರಶಾಲೆ

ಪೂರ್ತಿ ದಾರಿ ಆಗುವುದಿಲ್ಲ. ಕಣ್ಣಿನಿಂದ ವಿ1ಗೆ ಸುದ್ದಿ ಮುಟ್ಟಲು ಸುಮಾರು 50 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ನಿಮ್ಮ 140ರ ಬಾಲ್ ಹತ್ತಿರ ಹತ್ತಿರ 2 ಮೀಟರ್ ಮುಂದೆ ಬಂದಿರುತ್ತದೆ. ಮೈಕೆಲ್ ಲ್ಯಾಂಡ್, ಪೀಟರ್ ಮೆಕ್‌ಲಿಯಾಡ್ ಎನ್ನುವವರು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಕಣ್ಣು ಎಲ್ಲೆಲ್ಲಿ ನೋಡುತ್ತದೆ ಅಂತ ಅಳೆದು 2000ದಲ್ಲಿ ಬರೆದರು. ಕೈಬಿಡುವಾಗ ಬಾಲ್ ನೋಡುತ್ತಾರೆ, ಆಮೇಲೆ ಕಣ್ಣು ಬಾಲನ್ನು ಬಿಟ್ಟು ಅದು ಪಿಚ್ ಆಗುವ ಜಾಗಕ್ಕೆ ನೆಗೆದು ಅಲ್ಲಿ ಕಾಯುತ್ತದೆ. ಪುಟಿದ ಮೇಲೆ ಮತ್ತೆ ಸ್ವಲ್ಪ ಹೊತ್ತು ಹಿಂಬಾಲಿಸುತ್ತದೆ. ಒಳ್ಳೆಯ ಆಟಗಾರನ ಕಣ್ಣು ಬೇಗ ನೆಗೆಯುತ್ತದೆ, ಕಲಿಯುವವನದು ತಡವಾಗಿ. ಅಂತರ ಇರುವುದು ಅಲ್ಲೇ.

ಈ ತಡವನ್ನು ಮಿದುಳು ಹೇಗೆ ಸರಿದೂಗಿಸುತ್ತದೆ ಅನ್ನುವುದಕ್ಕೆ ರೋಮಿ ನಿಜಾವನ್ 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸರಿಯುವ ಗೆರೆಯ ಪಕ್ಕದಲ್ಲಿ, ಸರಿಯಾಗಿ ಅದೇ ಸಾಲಿಗೆ, ಒಂದು ಮಿಂಚು ಹೊಳೆಸಿದರೆ ಮಿಂಚು ಹಿಂದೆ ಬಿದ್ದ ಹಾಗೆ ಕಾಣುತ್ತದೆ. ಸರಿಯುವ ವಸ್ತು ಈಗ ಎಲ್ಲಿರಬೇಕೋ ಅಲ್ಲಿಗೆ ಮಿದುಳು ಅದನ್ನು ಮುಂದೆ ತಳ್ಳಿ ತೋರಿಸುತ್ತದೆ ಎಂಬುದು ಅವರ ವಾದ. ಎಲ್ಲರೂ ಒಪ್ಪಿಲ್ಲ. ಸರಿಯುವುದರ ಸುದ್ದಿ ಬೇಗ ಮುಟ್ಟುತ್ತದೆ, ಮಿಂಚಿನದು ತಡ, ಅಷ್ಟೇ ಅಂತ ಕೆಲವರು. ಮಿಂಚು ಬಂದ ಮೇಲೆ ನಡೆದಿದ್ದನ್ನೂ ಸೇರಿಸಿಕೊಂಡು ಮಿದುಳು ಹಿಂದಿನದನ್ನು ತಿದ್ದಿ ಬರೆಯುತ್ತದೆ ಅಂತ ಇನ್ನು ಕೆಲವರು. ನನಗೆ ನಿಜಾವನ್ ಕಡೆ ಸ್ವಲ್ಪ ಒಲವು.

ವಾರ್ಡ್_ಸಿಸ್ಟರ್

ಮೊದಲ ಪೋಸ್ಟ್‌ಗೆ ವಾಪಸ್ ಬರುತ್ತೇನೆ. ಎಲ್.ಎಂ. ಅವರಿಗೆ ಆಗಿದ್ದು ಮಿದುಳಿನ ಸಿರೆಯಲ್ಲಿ ಹೆಪ್ಪು ಅಂತ ಬರೆದಿದ್ದೀರಿ. ಹೆಸರು ಕೇಳಿ ಜರ್ಮನಿಯ ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಬಾಣಂತಿಯರಿಗೆ ಬರುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ಇದರ ಬಗ್ಗೆ ಬರೆದಿದ್ದಾರೆ. ಬಾಣಂತಿಗೆ ನೀರು ಕಮ್ಮಿ ಕೊಡುವ ಪದ್ಧತಿಯೂ ಒಂದು ಕಾರಣ ಇರಬಹುದು ಅಂತ ಅನುಮಾನ ಇದೆ. ಎಲ್ಲರಿಗೂ ಚಲನೆ ಹೋಗುವುದಿಲ್ಲ, ಅದು ತೀರಾ ಅಪರೂಪ. ಆದರೆ ಹೆರಿಗೆಯಾದ ಕೆಲವು ವಾರದೊಳಗೆ ಬಿಡದ ತಲೆನೋವು, ವಾಂತಿ, ಫಿಟ್ಸ್, ಕಣ್ಣು ಮಂಜು, ಒಂದು ಕೈ ಕಾಲು ಸೋಲುವುದು ಕಂಡರೆ "ಶೀತ ಆಗಿದೆ" ಅಂತ ಮನೆಯಲ್ಲಿ ಕೂರಿಸಬೇಡಿ. ಕೂಡಲೇ ಆಸ್ಪತ್ರೆಗೆ. ಬೇಗ ಬಂದರೆ ಔಷಧಿಯಿಂದ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ನೀರು ಧಾರಾಳವಾಗಿ ಕೊಡಿ.

ಕಾಫಿಪುಡಿ

ಸಿಸ್ಟರ್, ತುಂಬ ಉಪಕಾರ. ಇದನ್ನು ಮನೆ ಗ್ರೂಪ್‌ಗೆ ಹಾಕಿದೆ.

ನರಶಾಲೆ ಅವರೇ, ಕೊನೆಯದಾಗಿ ಒಂದು. ಎಲ್.ಎಂ. ಅವರಿಗೆ ಎಲ್ಲ ಬಗೆಯ ಚಲನೆಯೂ ಹೋಗಿತ್ತಾ?

ನರಶಾಲೆ

ಇಲ್ಲ, ಅದೇ ಮಜಾ. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಉಪಾಯ ತೋರಿಸಿದ್ದರು. ಕತ್ತಲಲ್ಲಿ ಒಬ್ಬರ ಭುಜ, ಮೊಣಕೈ, ಮಂಡಿ ಹೀಗೆ ಕೀಲುಗಳಿಗೆ ಮಾತ್ರ ದೀಪ ಕಟ್ಟಿ ನಡೆಸುವುದು. ನಿಂತಾಗ ಬರೀ ಚುಕ್ಕೆ. ಹೆಜ್ಜೆ ಇಟ್ಟರೆ ಸಾಕು, ಮನುಷ್ಯ. ಇಂಥ ಚುಕ್ಕೆಗಳನ್ನು ಎಲ್.ಎಂ. ಅವರಿಗೆ ತೋರಿಸಿದಾಗ ಅವರೂ ಮನುಷ್ಯ ನಡೆಯುತ್ತಿರುವುದನ್ನು ಗುರುತಿಸಿದರು. 1996ರಲ್ಲಿ ವರದಿಯಾಗಿದೆ. ಆದರೆ ಆ ಮನುಷ್ಯ ತನ್ನ ಕಡೆ ಬರುತ್ತಿದ್ದಾನೋ, ದೂರ ಹೋಗುತ್ತಿದ್ದಾನೋ ಹೇಳಲು ಆಗಲಿಲ್ಲ. ದೇಹದ ಚಲನೆ ನೋಡಲು ಬೇರೆ ಭಾಗಗಳೂ ಕೆಲಸ ಮಾಡುತ್ತವೆ, ವಿ5 ಒಂದೇ ಯಜಮಾನ ಅಲ್ಲ.

ಫ್ರೇಮ್_ಗಿರಿ

ಯೋಚನೆ ಮಾಡಿದೆ. ಜೋಗದ ಬಂಡೆಗೆ ನನ್ನ ಹತ್ತಿರ ಉತ್ತರ ಇಲ್ಲ, ಆದರೂ ಪೂರ್ತಿ ಒಪ್ಪಿಲ್ಲ. ಕನ್ನಡಿ ಮುಂದೆ ನಿಂತು ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ ನೋಟ ಬದಲಿಸಿ ನೋಡಿ. ನಿಮ್ಮ ಕಣ್ಣು ಹೊರಳುವುದು ನಿಮಗೆ ಯಾವತ್ತೂ ಕಾಣುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಕಾಣುತ್ತದೆ, ಸ್ಕ್ರೀನ್ ಸ್ವಲ್ಪ ತಡ ಆದ್ದರಿಂದ. ಅಂದರೆ ಕಣ್ಣು ನೆಗೆಯುವ ಹೊತ್ತಿನದನ್ನು ಮಿದುಳು ಕತ್ತರಿಸಿ ಎಸೆಯುತ್ತದೆ. ಕಟ್ ಮಾಡುವವನು ಎಡಿಟರ್ ತಾನೆ?

ನರಶಾಲೆ

ಎಡಿಟರ್ ಅನ್ನುವುದಕ್ಕೆ ನನ್ನ ತಕರಾರು ಇಲ್ಲ. ಕ್ಯಾಮೆರಾ ಅನ್ನುವುದಕ್ಕೆ ಇದೆ.

ಕನ್ನಡಕದ_ಅಕ್ಕ

ಮನೆಯಲ್ಲೇ ಮಾಡಬಹುದಾದ ಇನ್ನೊಂದು. ದಾರಕ್ಕೆ ಒಂದು ನಟ್ ಕಟ್ಟಿ ಎಡಕ್ಕೂ ಬಲಕ್ಕೂ ನೇರ ತೂಗಲು ಬಿಡಿ. ಎರಡೂ ಕಣ್ಣು ತೆರೆದು, ಎಡಗಣ್ಣಿಗೆ ಮಾತ್ರ ಕೂಲಿಂಗ್ ಗ್ಲಾಸ್‌ನ ಒಂದು ಗಾಜು ಹಿಡಿಯಿರಿ. ನಟ್ ನೇರ ತೂಗುವ ಬದಲು ಸುತ್ತು ಹೊಡೆಯುತ್ತದೆ. ಎಡಕ್ಕೆ ಹೋಗುವಾಗ ಹತ್ತಿರ, ಬಲಕ್ಕೆ ಬರುವಾಗ ದೂರ. ಕತ್ತಲಾದ ಕಣ್ಣಿನ ಸುದ್ದಿ ತಡವಾಗಿ ಮುಟ್ಟುತ್ತದೆ, ಹಾಗಾಗಿ ಎರಡು ಕಣ್ಣು ಎರಡು ಜಾಗ ಹೇಳುತ್ತವೆ, ಮಿದುಳು ಅದನ್ನು ದೂರ ಹತ್ತಿರ ಅಂತ ಓದಿಕೊಳ್ಳುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಕಾರ್ಲ್ ಪುಲ್‌ಫ್ರಿಕ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ತನ್ನ ಹೆಸರಿನ ಈ ಚಮತ್ಕಾರವನ್ನು ಅವರೇ ನೋಡಲಾಗಲಿಲ್ಲ.

ಹಿತ್ತಲ_ಗಿಡ

ಮಾಡಿದೆ. ಸುತ್ತುತ್ತದೆ! ಗಾಜು ಬಲಗಣ್ಣಿಗೆ ಹಿಡಿದರೆ ಉಲ್ಟಾ ಸುತ್ತುತ್ತದೆ.

ಮೇಡಂ, ಒಂದು ಅನುಮಾನ. ನಮ್ಮ ಅಪ್ಪನಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಆಮೇಲೆ ಮಾಡಿಸೋಣ ಅಂತ ಮುಂದೆ ಹಾಕುತ್ತಿದ್ದಾರೆ. ಸ್ಕೂಟರ್ ಓಡಿಸುವಾಗ ಎದುರಿನ ಗಾಡಿಗಳು ಮೈಮೇಲೆ ಬಂದ ಹಾಗೆ ಆಗುತ್ತದೆ ಅಂತಾರೆ. ಇದೇನಾ?

ಕನ್ನಡಕದ_ಅಕ್ಕ

ಇರಬಹುದು. ಒಂದು ಕಣ್ಣಿಗೆ ಬೆಳಕು ಕಮ್ಮಿ ಹೋಗುತ್ತಿದ್ದರೆ ಕಪ್ಪು ಗಾಜು ಹಿಡಿದ ಹಾಗೇ. ಎರಡು ಕಣ್ಣಿನ ನಂಬರ್ ಹೊಂದದೆ ಇರುವುದೂ ಕಾರಣ ಇರಬಹುದು, ನೋಡದೆ ಹೇಳಲಾರೆ. ಕಣ್ಣಿನ ನರದ ತೊಂದರೆಯಿಂದಲೂ ಹೀಗೆ ಆಗುತ್ತದೆ, ಹಾಗಾಗಿ ಅದನ್ನೂ ಪರೀಕ್ಷಿಸಬೇಕು. ಡಾಕ್ಟರ್ ಹತ್ತಿರ "ಮಂಜು ಕಾಣುತ್ತೆ" ಅಂತ ಮಾತ್ರ ಹೇಳದೆ, ಗಾಡಿ ಮೈಮೇಲೆ ಬಂದ ಹಾಗೆ ಆಗುತ್ತದೆ ಅನ್ನುವುದನ್ನೂ ಹೇಳಲಿ. ಎರಡನೇ ಕಣ್ಣಿನ ಆಪರೇಷನ್ ತಡವಾಗುವುದಿದ್ದರೆ ಚೆನ್ನಾಗಿರುವ ಕಣ್ಣಿಗೆ ಸ್ವಲ್ಪ ಕಪ್ಪು ಛಾಯೆಯ ಗಾಜು ಕೊಟ್ಟು ಸಮ ಮಾಡುವುದೂ ಉಂಟು. ಅಲ್ಲಿಯವರೆಗೆ ಸ್ಕೂಟರ್ ಕೀ ನೀವು ಇಟ್ಟುಕೊಳ್ಳಿ.